ಎಲೆಯ ಚೂರಿನಿಂದ ಇಡೀ ಗಿಡ: ಒಂದು ಪ್ರಶ್ನೆಯ ಇತಿಹಾಸ

ಬಸಳೆಯ ಬಳ್ಳಿಯನ್ನು ಗೇಣುದ್ದಕ್ಕೆ ಕತ್ತರಿಸಿ ತೇವವಿರುವ ಪಾತಿಯಲ್ಲಿ ಊರಿದರೆ ಕೆಲವು ದಿನಗಳಲ್ಲಿ ಅದು ಬೇರುಬಿಟ್ಟು ಚಿಗುರುತ್ತದೆ. ದೊಡ್ಡಪತ್ರೆಯ ಕಡ್ಡಿಯೂ ಹಾಗೆಯೇ. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಆ ತುಂಡಿನ ಗೆಣ್ಣುಗಳಲ್ಲಿ ಮೊಗ್ಗುಗಳು ಮೊದಲೇ ಸಿದ್ಧವಾಗಿರುತ್ತವೆ. ಕತ್ತರಿಸಿದ ತುದಿಯಲ್ಲಿ ಬೇರು ಮೂಡಿದರೆ ಸಾಕು, ಬಳ್ಳಿ ತನ್ನ ಬದುಕನ್ನು ಮುಂದುವರಿಸುತ್ತದೆ. ಆದರೆ ಮೊಗ್ಗಾಗಲಿ ಗೆಣ್ಣಾಗಲಿ ಇಲ್ಲದ, ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಎಲೆಯ ಚೂರೊಂದನ್ನು ಗಾಜಿನ ಶೀಷೆಯೊಳಗಿಟ್ಟು ಅದರಿಂದ ಇಡೀ ಗಿಡವನ್ನು ಪಡೆಯುವುದೆಂದರೆ ಅದು ಬೇರೆಯೇ ಮಾತು. ಅಲ್ಲಿ ಮೊಗ್ಗು ಹೊಸದಾಗಿ ಹುಟ್ಟಬೇಕು. ಎಲೆಯಾಗಿ ಬೆಳೆದು, ಎಲೆಯ ಕೆಲಸ ಮಾಡುತ್ತಿದ್ದ ಜೀವಕೋಶ ಆ ಕೆಲಸವನ್ನು ಬಿಟ್ಟು ಕುಡಿಯಾಗಲು, ಬೇರಾಗಲು ತೊಡಗಬೇಕು. ಹಾಗೆ ತೊಡಗು ಎಂದು ಅದಕ್ಕೆ ಹೇಳುವವರು ಯಾರು?

ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಗಿಡದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಒಂದೇ ಬಗೆಯ ವಂಶವಾಹಿಗಳು, ಅಂದರೆ ಜೀನ್‌ಗಳು, ಇರುತ್ತವೆ. ಎಲೆಯ ಕೋಶದಲ್ಲಿ ಕೆಲವು ಎಚ್ಚರವಾಗಿರುತ್ತವೆ, ಬೇರಿನ ಕೋಶದಲ್ಲಿ ಬೇರೆ ಕೆಲವು. ಹಾಗಿದ್ದರೆ ಎಲೆಯ ಚೂರು ಗಿಡವಾಗುವಾಗ ಮಲಗಿದ್ದ ಯಾವ ವಂಶವಾಹಿಗಳು ಏಳುತ್ತವೆ? ಯಾವ ಕ್ರಮದಲ್ಲಿ ಏಳುತ್ತವೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ನೂರು ವರ್ಷಕ್ಕೂ ಹಿಂದೆ, ವಂಶವಾಹಿ ಎಂಬ ಹೆಸರೇ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಆರಂಭವಾಗುತ್ತದೆ. ನಾವು ತಿನ್ನುವ ಕೋಸು, ಸಾಸಿವೆ, ಲೆಟ್ಯೂಸ್ ಈ ಕಥೆಯ ಮುಖ್ಯ ತಿರುವುಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಾಟ್ಲೀಬ್ ಹೇಬರ್‌ಲಾಂಟ್ 1902ರಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗಿಡದಿಂದ ಬೇರ್ಪಡಿಸಿದ ಒಂಟಿ ಜೀವಕೋಶಗಳನ್ನು ಬೆಳೆಸುವ ಪ್ರಯತ್ನ ಅದರ ವಿಷಯ. ನಮ್ಮ ತುಂಬೆ, ತುಳಸಿಗಳ ಕುಟುಂಬಕ್ಕೇ ಸೇರಿದ ಲೇಮಿಯಂ ಎಂಬ ಗಿಡದ ಎಲೆಯಿಂದ ಹಸಿರು ಕೋಶಗಳನ್ನು ಬಿಡಿಸಿ, ಲವಣಗಳೂ ಸಕ್ಕರೆಯೂ ಇದ್ದ ದ್ರಾವಣದಲ್ಲಿ ಅವರು ಇಟ್ಟರು. ಕೋಶಗಳು ವಾರಗಟ್ಟಲೆ ಬದುಕಿದವು, ಗಾತ್ರದಲ್ಲಿ ಹಿಗ್ಗಿದವು, ಒಳಗೆ ಪಿಷ್ಟವನ್ನು ಕೂಡಿಟ್ಟುಕೊಂಡವು. ಆದರೆ ಒಂದೇ ಒಂದು ಕೋಶವೂ ಎರಡಾಗಿ ಒಡೆಯಲಿಲ್ಲ. ಪ್ರಯೋಗ ಸೋತಿತು. ಆದರೂ ಹೇಬರ್‌ಲಾಂಟ್ ಅದೇ ಪ್ರಬಂಧದಲ್ಲಿ, ಮುಂದೊಂದು ದಿನ ಇಂಥ ಸಾಮಾನ್ಯ ಕೋಶಗಳಿಂದಲೇ ಭ್ರೂಣಗಳನ್ನು ಬೆಳೆಸಲು ಸಾಧ್ಯವಾಗಬಹುದೆಂದು ಬರೆದರು. ಸೋತ ಪ್ರಯೋಗದ ವರದಿಯೊಂದು ಒಂದು ಶಾಸ್ತ್ರದ ಮೊದಲ ಪುಟವೆಂದು ಗೌರವ ಪಡೆದಿರುವುದು ವಿಜ್ಞಾನದ ಇತಿಹಾಸದಲ್ಲಿ ಅಪರೂಪ.

ಹೇಬರ್‌ಲಾಂಟ್ ಅಲ್ಲಿಗೇ ಬಿಡಲಿಲ್ಲ. ಕೋಶ ಒಡೆಯಲು ಹೊರಗಿನಿಂದ ಯಾವುದೋ ಪ್ರಚೋದನೆ ಬೇಕು, ಅದು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಲೇ ಇದ್ದರು. 1921ರ ಸುಮಾರಿಗೆ ಅವರ ಕೈಗೆ ಬಂದದ್ದು ನವಿಲುಕೋಸು. ನಾವು ಗೆಡ್ಡೆ ಎನ್ನುವ ಅದರ ಭಾಗ ನಿಜವಾಗಿ ಉಬ್ಬಿದ ಕಾಂಡ. ಅದನ್ನು ಕೊಯ್ದರೆ ಕೊಯ್ದ ಮೇಲ್ಮೈಯ ಕೆಳಗಿರುವ ಕೋಶಗಳು ಒಡೆದು ಗಾಯವನ್ನು ಮುಚ್ಚತೊಡಗುತ್ತವೆ. ಕೊಯ್ದ ಕೂಡಲೇ ಆ ಮೇಲ್ಮೈಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದರೆ ಕೋಶಗಳು ಒಡೆಯುವುದು ತೀರ ಕಡಿಮೆಯಾಯಿತು. ತೊಳೆದ ಮೇಲ್ಮೈಗೆ ಜಜ್ಜಿದ ಅಂಗಾಂಶವನ್ನು ಹಚ್ಚಿದರೆ ಮತ್ತೆ ಒಡೆಯತೊಡಗಿದವು. ಅಂದರೆ ಗಾಯಗೊಂಡ ಕೋಶಗಳಿಂದ ಏನೋ ಒಂದು ರಸ ಒಸರಿ, ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಅದನ್ನು ಅವರು ಗಾಯದ ಹಾರ್ಮೋನು ಎಂದು ಕರೆದರು. ಒಂದು ಚಾಕು, ಒಂದು ಬಟ್ಟಲು ನೀರು ಮತ್ತು ತರಕಾರಿ, ಇಷ್ಟರಿಂದಲೇ ಮಾಡಿದ ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಿ. ತೊಂಬತ್ತು ವರ್ಷಗಳ ನಂತರ ಇದರ ವಂಶವಾಹಿ ಜಪಾನಿನಲ್ಲಿ ಸಿಕ್ಕಿತು.

1930ರ ದಶಕದಲ್ಲಿ ಆಕ್ಸಿನ್ ಎಂಬ ಹಾರ್ಮೋನಿನ ರಾಸಾಯನಿಕ ಸ್ವರೂಪ ತಿಳಿಯಿತು. ಅದರಿಂದ ಬಾಗಿಲು ತುಸು ತೆರೆಯಿತು. 1939ರಲ್ಲಿ ಫ್ರಾನ್ಸಿನಲ್ಲಿ ಗೋತ್ರೆ ಮತ್ತು ನೊಬೆಕೂರ್ ಕ್ಯಾರೆಟ್ಟಿನ ಅಂಗಾಂಶವನ್ನೂ, ಅಮೆರಿಕದಲ್ಲಿ ಫಿಲಿಪ್ ವೈಟ್ ತಂಬಾಕಿನ ಅಂಗಾಂಶವನ್ನೂ ಕೊನೆಯಿಲ್ಲದೆ ಬೆಳೆಸಿ ತೋರಿಸಿದರು. ಬೆಳೆದದ್ದು ಗಿಡವಲ್ಲ, ಆಕಾರವಿಲ್ಲದ ಮುದ್ದೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಮುದ್ದೆಯೇನೋ ಬೆಳೆಯಿತು, ಆದರೆ ಅದರಿಂದ ಕುಡಿ ಹೊರಡಿಸುವ ನಂಬಲರ್ಹ ವಿಧಾನ ಮಾತ್ರ ಯಾರ ಬಳಿಯೂ ಇರಲಿಲ್ಲ.

ಇಲ್ಲಿ ನಮ್ಮ ತೆಂಗಿನಕಾಯಿ ಪ್ರವೇಶಿಸುತ್ತದೆ. 1941ರಲ್ಲಿ ಫಾನ್ ಓವರ್‌ಬೀಕ್ ಮತ್ತು ಸಂಗಡಿಗರು ಉಮ್ಮತ್ತದ ಎಳೆಯ ಭ್ರೂಣಗಳನ್ನು ಬೆಳೆಸಲು ಕಾಯಿಯೊಳಗಿನ ನೀರನ್ನು ಬಳಸಿ ಯಶಸ್ಸು ಕಂಡರು. ಆ ನೀರು ಬೆಳೆಯುವ ತೆಂಗಿನ ಭ್ರೂಣಕ್ಕೆ ಪ್ರಕೃತಿಯೇ ಸಿದ್ಧಪಡಿಸಿದ ಆಹಾರವಾದ್ದರಿಂದ ಬೇರೆ ಗಿಡಗಳ ಕೋಶಗಳಿಗೂ ಒಗ್ಗಿತು. ಅದರಲ್ಲಿ ಕೋಶಗಳನ್ನು ಒಡೆಯಿಸುವ ವಸ್ತು ಯಾವುದೆಂದು ತಿಳಿಯುವ ಹಟ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಫೋಕ್ ಸ್ಕೂಗ್ ಅವರ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಅವರು ತಂಬಾಕಿನ ಕಾಂಡದ ನಡುವಿನ ಬೆಂಡನ್ನು ತೆಗೆದುಕೊಂಡು, ಅದಕ್ಕೆ ತೆಂಗಿನ ನೀರು, ಯೀಸ್ಟಿನ ಸಾರ ಮುಂತಾದ ಹಲವು ವಸ್ತುಗಳನ್ನು ಸೇರಿಸಿ ನೋಡುತ್ತಿದ್ದರು. ಅಲ್ಲಿ ಸಂಶೋಧಕರಾಗಿದ್ದ ಕಾರ್ಲೋಸ್ ಮಿಲ್ಲರ್, ಹೆರ್ರಿಂಗ್ ಮೀನಿನ ವೀರ್ಯದಿಂದ ತೆಗೆದ ಡಿ.ಎನ್.ಎ. ಇದ್ದ ಒಂದು ಹಳೆಯ ಶೀಷೆಯಿಂದ ತುಸು ತೆಗೆದು ಹಾಕಿದಾಗ ತಂಬಾಕಿನ ಕೋಶಗಳು ಭರದಿಂದ ಒಡೆಯತೊಡಗಿದವು. ಸಂತೋಷದಿಂದ ಹೊಸ ಶೀಷೆಯೊಂದನ್ನು ತರಿಸಿ ಹಾಕಿದರೆ ಏನೂ ಆಗಲಿಲ್ಲ! ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದ್ದೇನು? ಕೊನೆಗೆ ಹೊಸ ಡಿ.ಎನ್.ಎ.ಯನ್ನು ಆಟೋಕ್ಲೇವಿನಲ್ಲಿ, ಅಂದರೆ ಪ್ರೆಷರ್ ಕುಕ್ಕರಿನಂಥ ಪಾತ್ರೆಯಲ್ಲಿ, ಬೇಯಿಸಿದಾಗ ಅದಕ್ಕೂ ಆ ಗುಣ ಬಂತು. ಡಿ.ಎನ್.ಎ. ಮುರಿದಾಗ ಉಂಟಾಗುವ ಒಂದು ಸಣ್ಣ ಅಣುವೇ ಈ ಕೆಲಸ ಮಾಡುತ್ತಿತ್ತು. 1955ರಲ್ಲಿ ಅದನ್ನು ಬೇರ್ಪಡಿಸಿ ಕೈನೆಟಿನ್ ಎಂದು ಹೆಸರಿಟ್ಟರು. ಗಿಡಗಳೊಳಗೇ ಇರುವ ಇದರ ಬಂಧುವಾದ ಝಿಯಾಟಿನ್ 1960ರ ದಶಕದ ಆರಂಭದಲ್ಲಿ ಎಳೆಯ ಮುಸುಕಿನ ಜೋಳದಲ್ಲಿ ಸಿಕ್ಕಿತು. ಈ ಗುಂಪಿಗೆಲ್ಲ ಸೈಟೊಕೈನಿನ್ ಎಂಬ ಹೆಸರು ನಿಂತಿತು. ವಂಶವಾಹಿಗಳ ದ್ರವ್ಯವಾದ ಡಿ.ಎನ್.ಎ. ಈ ಕಥೆಯೊಳಗೆ ಮೊದಲು ಬಂದದ್ದು ವಂಶವಾಹಿಯಾಗಿ ಅಲ್ಲ, ಬೆಂದು ಮುರಿದ ರಾಸಾಯನಿಕವಾಗಿ ಎಂಬುದು ನನಗಂತೂ ಸ್ವಾರಸ್ಯದ ಸಂಗತಿ.

ಎರಡು ವರ್ಷಗಳ ನಂತರ, 1957ರಲ್ಲಿ, ಸ್ಕೂಗ್ ಮತ್ತು ಮಿಲ್ಲರ್ ಇಂದಿಗೂ ಪ್ರತಿಯೊಂದು ಅಂಗಾಂಶ ಕೃಷಿ ಪ್ರಯೋಗಶಾಲೆಯಲ್ಲಿ ಬಳಕೆಯಲ್ಲಿರುವ ಸೂತ್ರವನ್ನು ಪ್ರಕಟಿಸಿದರು. ಮಾಧ್ಯಮದಲ್ಲಿ ಆಕ್ಸಿನ್ ಹೆಚ್ಚಿದ್ದು ಸೈಟೊಕೈನಿನ್ ಕಡಿಮೆಯಿದ್ದರೆ ಕ್ಯಾಲಸ್ ಬೇರು ಬಿಡುತ್ತದೆ. ಸೈಟೊಕೈನಿನ್ ಹೆಚ್ಚಿದ್ದರೆ ಕುಡಿ ಹೊರಡುತ್ತದೆ. ಎರಡೂ ಹದವಾಗಿ ಸಮನಾಗಿದ್ದರೆ ಮುದ್ದೆ ಮುದ್ದೆಯಾಗಿಯೇ ಬೆಳೆಯುತ್ತದೆ. ಬೇರಿಗೊಂದು, ಕುಡಿಗೊಂದು ಪ್ರತ್ಯೇಕ ವಸ್ತು ಇರಬೇಕೆಂಬ ಹಳೆಯ ಊಹೆಯನ್ನು ಇದು ತಳ್ಳಿಹಾಕಿತು. ಮುಖ್ಯವಾದದ್ದು ವಸ್ತುವಲ್ಲ, ಎರಡರ ನಡುವಿನ ಅನುಪಾತ.

ಇದಾದ ಮೇಲೆ ಫಲಿತಾಂಶಗಳು ಒಂದರ ಹಿಂದೊಂದು ಬಂದವು. 1958ರಲ್ಲಿ ಕಾರ್ನೆಲ್ಲಿನ ಸ್ಟೆವರ್ಡ್ ತೆಂಗಿನ ನೀರಿನಲ್ಲಿ ತೇಲುವ ಕ್ಯಾರೆಟ್ ಕೋಶಗಳಿಂದ, ಜರ್ಮನಿಯ ರೈನರ್ಟ್ ಕ್ಯಾರೆಟ್ ಕ್ಯಾಲಸ್ಸಿನಿಂದ ಭ್ರೂಣದಂಥ ರಚನೆಗಳನ್ನು ಪಡೆದರು. 1964ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಸಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ ಉಮ್ಮತ್ತದ ಪರಾಗಕೋಶಗಳನ್ನು ಬೆಳೆಸಿ, ಪರಾಗದಿಂದಲೇ ಭ್ರೂಣಗಳು ಹುಟ್ಟುವುದನ್ನು ತೋರಿಸಿ ಜಗತ್ತಿನ ಗಮನ ಸೆಳೆದರು. 1965ರಲ್ಲಿ ವಿಮಲಾ ವಾಸಿಲ್ ಮತ್ತು ಹಿಲ್ಡೆಬ್ರಾಂಟ್ ತಂಬಾಕಿನ ಒಂದೇ ಒಂದು ಪ್ರತ್ಯೇಕ ಕೋಶದಿಂದ ಇಡೀ ಗಿಡವನ್ನು ಪಡೆದರು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀಸೀತಾ ಮತ್ತು ಸಹೋದ್ಯೋಗಿಗಳು ಶ್ರೀಗಂಧದ ಕುಡಿಯ ಕ್ಯಾಲಸ್ಸಿನಿಂದ ಭ್ರೂಣಗಳನ್ನೂ ಪುಟ್ಟ ಸಸಿಗಳನ್ನೂ ಬೆಳೆಸಿದರು. ಹೇಬರ್‌ಲಾಂಟ್ ಸೋತ ಹಸಿರು ಎಲೆಯ ಕೋಶದ ಸರದಿಯೂ ಬಂತು: 1971ರಲ್ಲಿ ತಂಬಾಕಿನ, 1983ರಲ್ಲಿ ಲೆಟ್ಯೂಸಿನ ಎಲೆಯ ಕೋಶಗಳ ಹೊರಗೋಡೆ ಕರಗಿಸಿ, ಅವುಗಳಿಂದ ಗಿಡಗಳನ್ನು ಪಡೆಯಲಾಯಿತು.

ಲೆಟ್ಯೂಸಿನ ಹೆಸರು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಸಲಾಡಿನಲ್ಲಿ ಹಸಿಯಾಗಿ ತಿನ್ನುವ ಈ ಸೊಪ್ಪು ನಮ್ಮ ಮನೆಗಳ ಅಡುಗೆಗೆ ಹೊಸದಾದರೂ ಪ್ರಯೋಗಶಾಲೆಗೆ ಹಳೆಯ ನಂಟ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಕೇಂದ್ರದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕನ್ನೂ, ಅದಕ್ಕಿಂತ ಉದ್ದನೆಯ ತರಂಗದ ದೂರಗೆಂಪು ಬೆಳಕನ್ನೂ ಒಂದಾದ ಮೇಲೊಂದರಂತೆ ಬೀಳಿಸಿದರು. ಕೊನೆಯದಾಗಿ ಬಿದ್ದದ್ದು ಕೆಂಪಾಗಿದ್ದರೆ ಬೀಜಗಳು ಮೊಳೆತವು, ದೂರಗೆಂಪಾಗಿದ್ದರೆ ಹೆಚ್ಚಿನವು ಮೊಳೆಯಲಿಲ್ಲ. ಬೆಳಕನ್ನು ಅರಿಯುವ ಈ ಸ್ವಿಚ್ಚಿಗೆ ಮುಂದೆ ಫೈಟೊಕ್ರೋಮ್ ಎಂಬ ಹೆಸರು ಬಂತು. 1967ರಲ್ಲಿ ಕೈನೆಟಿನ್ ಖ್ಯಾತಿಯ ಅದೇ ಕಾರ್ಲೋಸ್ ಮಿಲ್ಲರ್, ಡೋರ್ಶುಗ್ ಅವರೊಂದಿಗೆ, ಲೆಟ್ಯೂಸಿನ ತುಣುಕುಗಳಲ್ಲಿ ಹೊಸ ಅಂಗಗಳು ಹುಟ್ಟುವುದನ್ನು ರಾಸಾಯನಿಕಗಳಿಂದ ನಿಯಂತ್ರಿಸಬಹುದೆಂದು ತೋರಿಸಿದರು. 1977ರಲ್ಲಿ ಕಡ್ಕಾಡೆ ಮತ್ತು ಸೈಬರ್ಟ್ ಈ ಎರಡು ಎಳೆಗಳನ್ನೂ ಒಂದುಗೂಡಿಸಿದರು. ಲೆಟ್ಯೂಸಿನ ಕ್ಯಾಲಸ್ಸಿನಲ್ಲಿ ಕುಡಿಗಳು ಹುಟ್ಟುವುದನ್ನು ಕೆಂಪು ಬೆಳಕು ಹೆಚ್ಚಿಸುತ್ತದೆ, ದೂರಗೆಂಪು ಬೆಳಕು ಅದನ್ನು ಹಿಮ್ಮೆಟ್ಟಿಸುತ್ತದೆ ಎಂದು ಕಂಡುಕೊಂಡರು. ಶೀಷೆಯೊಳಗಿನ ಹಾರ್ಮೋನು ಮಾತ್ರವಲ್ಲ, ಶೀಷೆಯ ಮೇಲೆ ಬೀಳುವ ಬೆಳಕು ಕೂಡ ಆಜ್ಞೆ ನೀಡುತ್ತಿತ್ತು.

ಹೀಗೆ 1980ರ ವೇಳೆಗೆ ಪಾಕವಿಧಾನಗಳು ಬೇಕಾದಷ್ಟಿದ್ದವು. ಕೊರತೆಯಿದ್ದದ್ದು ಕಾರಣಗಳಿಗೆ. ಒಂದು ತಳಿಯ ಕೋಸು ಚೆನ್ನಾಗಿ ಚಿಗುರುತ್ತಿತ್ತು, ಅದೇ ಮಾಧ್ಯಮದಲ್ಲಿ ಇನ್ನೊಂದು ತಳಿ ಕಂದುಬಣ್ಣಕ್ಕೆ ತಿರುಗಿ ಸಾಯುತ್ತಿತ್ತು. ಸಂಶೋಧಕರು ಹಾರ್ಮೋನನ್ನು ಚಿಟಿಕೆ ಹೆಚ್ಚಿಸಿ, ಚಿಟಿಕೆ ಇಳಿಸಿ, ಮತ್ತೆ ಮತ್ತೆ ನೋಡುತ್ತಿದ್ದರು. ಉಪ್ಪು ಖಾರ ಹದಮಾಡುವ ಅಡುಗೆಯವರಿಗೂ ಅವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೋಶದೊಳಗೆ ಏನು ನಡೆಯುತ್ತಿದೆಯೆಂದು ನೋಡುವ ಕಿಟಕಿ ಬೇಕಿತ್ತು. ವಂಶವಾಹಿಯೊಂದು ಕೆಲಸ ಮಾಡುವಾಗ ಅದರ ನಕಲಾಗಿ ಸಂದೇಶವಾಹಕ ಆರ್.ಎನ್.ಎ. ಹುಟ್ಟುತ್ತದೆ. ಅದನ್ನು ಗುರುತಿಸಿ ಅಳೆದರೆ ವಂಶವಾಹಿ ಎಚ್ಚರವಿದೆಯೋ ಮಲಗಿದೆಯೋ ತಿಳಿಯುತ್ತದೆ. 1977ರಲ್ಲಿ ಇದಕ್ಕೆ ಒಂದು ಒಳ್ಳೆಯ ವಿಧಾನ ಬಂತು. ಆದರೆ ಒಂದು ಸಲಕ್ಕೆ ಒಂದೇ ವಂಶವಾಹಿ. 1987ರಲ್ಲಿ, ಎಚ್ಚರಗೊಂಡ ವಂಶವಾಹಿ ಇರುವ ಕೋಶವನ್ನು ನೀಲಿಬಣ್ಣಕ್ಕೆ ತಿರುಗಿಸುವ ಉಪಾಯ ಸಿಕ್ಕಿತು. 1995ರಲ್ಲಿ ಅನೇಕ ವಂಶವಾಹಿಗಳನ್ನು ಒಟ್ಟಿಗೆ ಅಳೆಯುವ ಮೈಕ್ರೊಅರೇ ಬಂತು. ಅದನ್ನು ಪರಿಚಯಿಸಿದ ಪ್ರಬಂಧದಲ್ಲಿ ಬಳಸಿದ್ದು ಸಾಸಿವೆಯ ಕುಟುಂಬದ ಪುಟ್ಟ ಕಳೆಗಿಡ ಅರಬಿಡಾಪ್ಸಿಸ್‌ನ 45 ವಂಶವಾಹಿಗಳನ್ನು. ಅದೇ ಗಿಡದ ಇಡೀ ಡಿ.ಎನ್.ಎ. ಪಾಠವನ್ನು 2000ದಲ್ಲಿ ಓದಿ ಮುಗಿಸಿದಾಗ ಸುಮಾರು 25,500 ವಂಶವಾಹಿಗಳು ಎಣಿಕೆಗೆ ಸಿಕ್ಕಿದವು.

ಆದರೆ ಒಂದು ಮುಖ್ಯ ಸುಳಿವು ಸೊಪ್ಪಿನ ಸಾಸಿವೆಯಿಂದಲೇ ಮೊದಲು ದೊರೆಯಿತು. ಸಾಸಿವೆ, ಕೋಸುಗಳ ತುಣುಕುಗಳನ್ನು ಬೆಳೆಸುವಾಗ ಮಾಧ್ಯಮಕ್ಕೆ ಸ್ವಲ್ಪ ಸಿಲ್ವರ್ ನೈಟ್ರೇಟ್ ಹಾಕಿದರೆ ಕುಡಿಗಳು ಹೆಚ್ಚುತ್ತವೆಂದು ಅನುಭವದಿಂದ ಗೊತ್ತಾಗಿತ್ತು. ಬೆಳ್ಳಿಯ ಅಯಾನುಗಳು ಎಥಿಲೀನ್ ಅನಿಲದ ಪರಿಣಾಮವನ್ನು ತಡೆಯುತ್ತವೆ. ಬಾಳೆಗೊನೆಯನ್ನು ಹಣ್ಣಾಗಿಸುವ ಅನಿಲವೇ ಇದು. ಗಾಯಗೊಂಡ ಅಂಗಾಂಶವೂ ಇದನ್ನು ಬಿಡುತ್ತದೆ, ಮುಚ್ಚಿದ ಶೀಷೆಯಲ್ಲಿ ಅದು ತುಂಬಿಕೊಳ್ಳುತ್ತದೆ. ಹಾಗಾದರೆ ಎಥಿಲೀನೇ ಕುಡಿಗೆ ಅಡ್ಡಿಯೆ, ಅಥವಾ ಬೆಳ್ಳಿಯ ಬೇರಾವುದೋ ಗುಣ ಕಾರಣವೆ? 1995ರಲ್ಲಿ ಸಿಂಗಪುರದ ಪುವಾ ಮತ್ತು ಲೀ ಇದನ್ನು ವಂಶವಾಹಿಯ ಮಟ್ಟದಲ್ಲಿ ಪರೀಕ್ಷಿಸಿದರು. ಎಥಿಲೀನ್ ತಯಾರಿಕೆಯ ಕೊನೆಯ ಹಂತದ ಕಿಣ್ವವನ್ನು ಮಾಡುವ ವಂಶವಾಹಿಯನ್ನು ಸಾಸಿವೆಯಲ್ಲಿ ತಗ್ಗಿಸಿದರು. ಬೆಳ್ಳಿಯಿಲ್ಲದೆಯೇ ಕುಡಿಗಳು ಹೆಚ್ಚು ಹುಟ್ಟಿದವು. ಚಿಟಿಕೆ ಹಾಕಿ ನೋಡುವ ಕೆಲಸ ಕಾರಣ ತಿಳಿಯುವ ಕೆಲಸವಾಗಿ ಬದಲಾದದ್ದು ಇಂಥ ಪ್ರಯೋಗಗಳಿಂದ.

ಇನ್ನು ಮುಂದಿನ ಹೆಚ್ಚಿನ ಸಂಗತಿಗಳು ಅರಬಿಡಾಪ್ಸಿಸ್‌ನವು. ಕೋಸು, ಸಾಸಿವೆಗಳ ಹತ್ತಿರದ ಬಂಧುವಾದ್ದರಿಂದ ಅದರ ಪಾಠ ಇವಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಗಿಡದ ತುದಿಯಲ್ಲಿ ಸದಾ ಹೊಸ ಎಲೆಗಳನ್ನು ಹುಟ್ಟಿಸುವ ಕೋಶಗಳ ಸಣ್ಣ ಗುಂಪೊಂದಿದೆ. ಅದನ್ನು ಕಾಪಾಡುವ ವಂಶವಾಹಿಯನ್ನು 1998ರಲ್ಲಿ ಜರ್ಮನಿಯ ಸಂಶೋಧಕರು ಹೊರತೆಗೆದರು. ಅದು ಕೆಟ್ಟರೆ ಗಿಡ ಕೆದರಿದ ಕೂದಲಿನಂತೆ ಅಡ್ಡಾದಿಡ್ಡಿ ಬೆಳೆಯುವುದರಿಂದ ಅದಕ್ಕೆ ವುಶೆಲ್ ಎಂದು ಹೆಸರು. ಜರ್ಮನಿನಲ್ಲಿ ಕೆದರಿದ ತಲೆ ಎಂದರ್ಥ. ಅಂಗಾಂಶ ಕೃಷಿಯಲ್ಲಿ ಸೈಟೊಕೈನಿನ್ ಹೆಚ್ಚಿರುವ ಮಾಧ್ಯಮಕ್ಕೆ ಕ್ಯಾಲಸ್ಸನ್ನು ಸಾಗಿಸಿದಾಗ ಕೆಲವೇ ಕೋಶಗಳಲ್ಲಿ ವುಶೆಲ್ ಎಚ್ಚರಗೊಳ್ಳುತ್ತದೆ. ಕುಡಿ ಹುಟ್ಟುವುದು ಅಲ್ಲಿ. ವುಶೆಲ್ ಇಲ್ಲದ ಗಿಡದ ಕ್ಯಾಲಸ್ಸು ಎಷ್ಟು ಸೈಟೊಕೈನಿನ್ ಕೊಟ್ಟರೂ ಕುಡಿ ಬಿಡದು. 1957ರ ಅನುಪಾತ ಸೂತ್ರದ ಒಳಗಿದ್ದ ಯಂತ್ರದ ಒಂದು ಹಲ್ಲುಚಕ್ರ ಹೀಗೆ ಕಣ್ಣಿಗೆ ಬಿತ್ತು.

ನಿಜವಾದ ಅಚ್ಚರಿ ಕಾದಿದ್ದದ್ದು ಕ್ಯಾಲಸ್ಸಿನಲ್ಲೇ. ಕ್ಯಾಲಸ್ ಎಂದರೆ ಎಲ್ಲ ಗುರುತನ್ನೂ ಕಳೆದುಕೊಂಡು ಹಿಂದಿನ ಸ್ಥಿತಿಗೆ ಮರಳಿದ, ಯಾವ ಅಂಗವೂ ಅಲ್ಲದ ಕೋಶಗಳ ಮುದ್ದೆ ಎಂದು ನಾವೆಲ್ಲ ಓದಿದ್ದೇವೆ. ಪಠ್ಯಪುಸ್ತಕಗಳಲ್ಲಿ ಈ ಮಾತು ಇನ್ನೂ ಕಾಣಸಿಗುತ್ತದೆ. 2010ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸುಗಿಮೊಟೊ, ಜಿಯಾವೊ ಮತ್ತು ಮೆಯೆರೊವಿಟ್ಸ್ ಅರಬಿಡಾಪ್ಸಿಸ್‌ನ ಬೇರು, ಬೀಜದಳ, ಹೂವಿನ ಎಸಳು ಇವುಗಳಿಂದ ಬೆಳೆಸಿದ ಕ್ಯಾಲಸ್ಸುಗಳಲ್ಲಿ ಯಾವ ವಂಶವಾಹಿಗಳು ಎಚ್ಚರವಾಗಿವೆಯೆಂದು ನೋಡಿದರು. ಎಲ್ಲದರಲ್ಲೂ ಬೇರಿನ ತುದಿಯ ವಂಶವಾಹಿಗಳು! ಎಸಳಿನಿಂದ ಬಂದ ಮುದ್ದೆಯೂ ಒಳಗಿನಿಂದ ಬೇರಿನಂತೆಯೇ ಇತ್ತು. ಕವಲುಬೇರು ಹುಟ್ಟಲಾರದಂತೆ ವಿಕೃತಿ ಹೊಂದಿದ ಗಿಡದ ಎಸಳಿನಿಂದ ಕ್ಯಾಲಸ್ ಬರಿಸಲು ನೋಡಿದರೆ ಅದೂ ಬರಲಿಲ್ಲ. ಅಂದರೆ ಎಲೆಯ ಚೂರು ಗಿಡವಾಗುವ ಮುನ್ನ ತನ್ನದೆಲ್ಲವನ್ನೂ ಮರೆಯುವುದಿಲ್ಲ. ಕವಲುಬೇರನ್ನು ಹುಟ್ಟಿಸುವ ಹಳೆಯ ದಾರಿಯನ್ನೇ ಹಿಡಿದು, ಅಲ್ಲಿಂದ ಕುಡಿಯ ಕಡೆಗೆ ಹೊರಳುತ್ತದೆ. ಈ ದಾರಿ ಸಾಮಾನ್ಯವಾಗಿ ಶುರುವಾಗುವುದು ನಾಳಗಳ ಸುತ್ತಲಿನ ಕೋಶಗಳಲ್ಲಿ. ಹೇಬರ್‌ಲಾಂಟ್ ಆರಿಸಿಕೊಂಡದ್ದು ಚೆನ್ನಾಗಿ ಬಲಿತ ಹಸಿರು ಕೋಶಗಳನ್ನು, ಅದೂ ಹಾರ್ಮೋನಿಲ್ಲದೆ. ಅವರ ಪ್ರಯೋಗ ಏಕೆ ಸೋತಿತೆಂದು ಈಗ ಹೆಚ್ಚು ಸ್ಪಷ್ಟವಾಗಿ ಹೇಳಬಹುದು.

ಮರುವರ್ಷ, 2011ರಲ್ಲಿ, ಜಪಾನಿನ ರಿಕೆನ್ ಸಂಸ್ಥೆಯ ಇವಾಸೆ, ಸುಗಿಮೊಟೊ ಮತ್ತು ಸಂಗಡಿಗರು ಗಾಯವಾದೊಡನೆ ಎಚ್ಚರಗೊಳ್ಳುವ ಒಂದು ವಂಶವಾಹಿಯನ್ನು ವರದಿ ಮಾಡಿದರು. ಅದಕ್ಕೆ ವಿಂಡ್-1 ಎಂದು ಹೆಸರು. ಇದನ್ನು ಕೃತಕವಾಗಿ ಚಾಲೂ ಮಾಡಿದರೆ ಹಾರ್ಮೋನು ಹಾಕದೆಯೇ ಕ್ಯಾಲಸ್ ಬೆಳೆಯುತ್ತದೆ. ಮುಂದಿನ ವರ್ಷಗಳಲ್ಲಿ ಇದು ಕೋಸಿನ ಬಂಧುವಾದ ರೇಪ್ ಸಾಸಿವೆಯಲ್ಲೂ ಕೆಲಸ ಮಾಡುವುದೆಂದೂ, ಕುಡಿಯನ್ನು ಹುಟ್ಟಿಸುವ ಮತ್ತೊಂದು ವಂಶವಾಹಿಯನ್ನು ಇದೇ ನೇರವಾಗಿ ಎಬ್ಬಿಸುವುದೆಂದೂ ತಿಳಿಯಿತು. ನವಿಲುಕೋಸಿನ ಗಾಯವನ್ನು ತೊಳೆದು ನೋಡಿದ ಪ್ರಯೋಗದ ಹಿಂದಿದ್ದ ಸಂಗತಿಗೆ ಒಂದು ಹೆಸರು ಸಿಕ್ಕಿತ್ತು.

ಹಾಗಾದರೆ ಎಲೆಯಲ್ಲಿ ವುಶೆಲ್‌ನಂಥ ವಂಶವಾಹಿ ಇಷ್ಟು ದಿನ ಸುಮ್ಮನಿದ್ದದ್ದು ಹೇಗೆ? ಡಿ.ಎನ್.ಎ. ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ ಸುತ್ತಿಕೊಂಡಿರುತ್ತದೆ. ಆ ಪ್ರೋಟೀನುಗಳ ಮೇಲೆ ಅಂಟಿಸಿದ ಕೆಲವು ರಾಸಾಯನಿಕ ಗುರುತುಗಳು ಬೀಗದಂತೆ ವರ್ತಿಸುತ್ತವೆ. 2017ರಲ್ಲಿ ಶಾಂಘಾಯಿಯ ಸಂಶೋಧಕರು ತೋರಿಸಿದಂತೆ, ಸೈಟೊಕೈನಿನ್ ಹೆಚ್ಚಿರುವ ಮಾಧ್ಯಮದಲ್ಲಿ ಕೋಶಗಳು ಒಡೆಯುತ್ತ ಹೋದಂತೆ ವುಶೆಲ್ ಮೇಲಿನ ಈ ಗುರುತುಗಳು ಕಡಿಮೆಯಾಗುತ್ತವೆ. ಬೀಗ ಸಡಿಲವಾದ ಮೇಲೆಯೇ ಹಾರ್ಮೋನಿನ ಆಜ್ಞೆಯನ್ನು ಹೊತ್ತ ಪ್ರೋಟೀನುಗಳು ಅದನ್ನು ಎಬ್ಬಿಸುತ್ತವೆ. ಕುಡಿ ಹೊರಡಲು ದಿನಗಟ್ಟಲೆ ಕಾಯಬೇಕಾದ ಕಾರಣಗಳಲ್ಲಿ ಇದೂ ಒಂದು. ಅದೇ ತಂಡ 2015ರಲ್ಲಿ ಇನ್ನೊಂದು ಹಳೆಯ ಅನುಭವಕ್ಕೂ ವಿವರಣೆ ಕೊಟ್ಟಿತ್ತು. ಎಳೆ ಸಸಿಯ ತುಣುಕು ಸುಲಭವಾಗಿ ಚಿಗುರುತ್ತದೆ, ಬಲಿತ ಗಿಡದ್ದು ಹಟ ಮಾಡುತ್ತದೆ ಎಂಬುದು ಪ್ರಯೋಗಶಾಲೆಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ವಯಸ್ಸಾದಂತೆ ಗಿಡದಲ್ಲಿ ಒಂದು ಪುಟ್ಟ ಆರ್.ಎನ್.ಎ. ಕಡಿಮೆಯಾಗುತ್ತದೆ; ಅದು ಅದುಮಿಟ್ಟಿದ್ದ ಪ್ರೋಟೀನುಗಳು ತಲೆಯೆತ್ತಿ ಸೈಟೊಕೈನಿನ್ನಿನ ಮಾತು ಕೋಶಕ್ಕೆ ಕೇಳದಂತೆ ಮಾಡುತ್ತವೆ. ಶೀಷೆಯಲ್ಲಿ ಹಾರ್ಮೋನು ಎಷ್ಟಿದ್ದರೇನು, ಕೇಳುವ ಕಿವಿ ಮಂದವಾದ ಮೇಲೆ?

ಲೆಟ್ಯೂಸಿಗೆ ಸಂಬಂಧಿಸಿದ ಕೆಲಸವೂ ಈ ನಡುವೆ ನಿಂತಿರಲಿಲ್ಲ. 1987ರಲ್ಲೇ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮೈಕೆಲ್‌ಮೋರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ನೆರವಿನಿಂದ ಅದರೊಳಗೆ ಹೊಸ ವಂಶವಾಹಿಯನ್ನು ಸೇರಿಸಿದ್ದರು. ಹಾಗೆ ಸೇರಿಸಿದ ಮೇಲೆ ಆ ಕೋಶದಿಂದ ಗಿಡ ಎದ್ದು ಬರದಿದ್ದರೆ ಶ್ರಮವೆಲ್ಲ ವ್ಯರ್ಥ. ಅದಕ್ಕಾಗಿಯೇ ಪುನರುತ್ಪಾದನೆಯ ವಂಶವಾಹಿಗಳಿಗೆ ಇಷ್ಟು ಬೆಲೆ. 2017ರಲ್ಲಿ ಲೆಟ್ಯೂಸಿನ ಡಿ.ಎನ್.ಎ. ಪಾಠ ಪ್ರಕಟವಾಯಿತು. 2020ರಲ್ಲಿ ಡೇವಿಸ್‌ನಲ್ಲೇ ಜಿ.ಆರ್.ಎಫ್. ಮತ್ತು ಜಿ.ಐ.ಎಫ್. ಎಂಬ, ಬೆಳವಣಿಗೆಯನ್ನು ನಡೆಸುವ ಎರಡು ಪ್ರೋಟೀನುಗಳನ್ನು ಒಂದಾಗಿ ಬೆಸೆದು ಗೋಧಿಯ ಕೋಶಗಳಿಗೆ ಕೊಟ್ಟಾಗ ಮೊಂಡುತನದ ತಳಿಗಳೂ ಚಿಗುರಿದವು. 2023ರಲ್ಲಿ ಅದೇ ಉಪಾಯ ಲೆಟ್ಯೂಸಿನಲ್ಲೂ ಕುಡಿಗಳನ್ನು ಹೆಚ್ಚಿಸಿದುದು ವರದಿಯಾಯಿತು. ಈ ಜೋಡಿ ಪ್ರೋಟೀನುಗಳ ಕೆಲಸ ಎಲೆಯನ್ನು ಎಲೆಯಾಗಿ ದೊಡ್ಡದು ಮಾಡುವುದು. ಶೀಷೆಯೊಳಗೆ ಅವು ಅದೇ ಎಲೆಯ ಚೂರಿನಲ್ಲಿ ಹೊಸ ಗಿಡದ ಹುಟ್ಟಿಗೆ ನೆರವಾಗುತ್ತವೆ.